ಮರಾಠಿ, ಉರ್ದು, ತೆಲುಗಿನಿಂದ ಕನ್ನಡಕ್ಕೆ ಬಂದ ಕಾದಂಬರಿ: ಕಲಬುರಗಿಯೊಳಗ ಹ್ಯಾಂಗ ಹುಡುಕೋದು?

ತೊಗರಿ ಕಣಜ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಆರು ಮಂದಿಯ ಓದುವ ಗುಂಪು, ತಿಂಗಳಿಗೊಂದು ಕಾದಂಬರಿ. ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದದ್ದು ಬೇಕು, ಅದರಲ್ಲೂ ನಮ್ಮ ಮಗ್ಗುಲಿನ ಮರಾಠಿ, ಉರ್ದು, ತೆಲುಗು. ಹೆಚ್ಚು ಹೆಸರು ಮಾಡದ ಕನ್ನಡದ ಹೊಸಬರದ್ದೂ ನಡೆದೀತು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡದಿಂದ ಹೊರಗೆ ಹೋದ ಪುಸ್ತಕಗಳ ಪಟ್ಟಿ ಎಲ್ಲಾ ಕಡೆ ಸಿಗ್ತದೆ. ಒಳಗೆ ಬಂದವುಗಳ ಪಟ್ಟಿ ಮಾತ್ರ ಸಿಗವಲ್ದು. ಅಂಗಡಿಗಳ ಮುಂದಿನ ಕಪಾಟಿನಲ್ಲಿ ಕೆಎಎಸ್, ಪಿಡಿಒ, ಟಿಇಟಿ ಗೈಡುಗಳೇ ತುಂಬಿರ್ತಾವೆ.

ಮೂರು ತಿಂಗಳಿಗೆ 3000 ರೂಪಾಯಿ ಇದೆ. ಎಲ್ಲಿಂದ ಶುರು ಮಾಡಬೇಕು? ಅನುವಾದ ಚಲೋ ಅದನೋ ಇಲ್ಲೋ ಅಂತ ಕೊಳ್ಳೋ ಮೊದಲೇ ತಿಳಿಯೋದು ಹ್ಯಾಂಗ?

ಶಾಬಾದಿ ಕಲ್ಲು:

ಮೂಲ ಲೇಖಕರ ಹೆಸರು ಬಿಡಿ, ಅನುವಾದಕರ ಹೆಸರು ಹಿಡಿಯಿರಿ. ಪುಸ್ತಕ ಕನ್ನಡಕ್ಕೆ ಬರುವಾಗ ಶೀರ್ಷಿಕೆ ಬದಲಾಗಿರುತ್ತದೆ. ಮೂಲ ಲೇಖಕರ ಹೆಸರನ್ನು ಒಬ್ಬ ಪ್ರಕಾಶಕರು ಒಂದು ತರಹ ಬರೆದರೆ ಇನ್ನೊಬ್ಬರು ಮತ್ತೊಂದು ತರಹ ಬರೆದಿರುತ್ತಾರೆ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಇರುವುದಿಲ್ಲ. ಹೀಗಾಗಿ ಇಂಟರ್ನೆಟ್ಟಿನಲ್ಲಿ ಮೂಲ ಹೆಸರು ಹಾಕಿದರೆ ಏನೂ ಬರುವುದಿಲ್ಲ, ನಾವು ಪುಸ್ತಕವೇ ಇಲ್ಲ ಅಂದುಕೊಳ್ಳುತ್ತೇವೆ. ಅನುವಾದಕರು ಮಾತ್ರ ಕನ್ನಡದವರೇ, ಅವರ ಹೆಸರಿನ ಕಾಗುಣಿತ ಬದಲಾಗದು. ಒಬ್ಬರು ಹಿಡಿಸಿದರೆ ಅವರ ಬೆನ್ನು ಹತ್ತಿದರೆ ಸಾಕು, ವರ್ಷಕ್ಕಾಗುವಷ್ಟು ಓದು ಸಿಗುತ್ತದೆ.

ಶುರುವಿಗೆ ಕೆಲವು ಹೆಸರು. ಮರಾಠಿಯಿಂದ ಚಂದ್ರಕಾಂತ ಪೋಕಳೆ. ದಲಿತ ಆತ್ಮಕಥನದಿಂದ ಹಿಡಿದು ಕಾದಂಬರಿಯವರೆಗೆ ಇವರದು ದೊಡ್ಡ ರಾಶಿ. ಉರ್ದು ಮತ್ತು ಹಿಂದಿಯಿಂದ ರಾಮದುರ್ಗದ ಹಸನ್ ನಯೀಂ ಸುರಕೋಡ. ಬಂಗಾಳಿ ಲೇಖಕಿ ಮಹಾಶ್ವೇತಾದೇವಿ ಬೇಕಾದರೆ ಎಚ್.ಎಸ್. ಶ್ರೀಮತಿ. ಮಲಯಾಳಕ್ಕೆ ಸಾರಾ ಅಬೂಬಕ್ಕರ್, ಪಾರ್ವತಿ ಜಿ. ಐತಾಳ್. ತಮಿಳಿಗೆ ಕೆ. ನಲ್ಲತಂಬಿ. ಈ ಹೆಸರುಗಳನ್ನು ಬುಕ್ ಬ್ರಹ್ಮ ಜಾಲತಾಣದಲ್ಲಿ ಹಾಕಿ ನೋಡಿ, ಲೇಖಕರ ಪುಟದಲ್ಲಿ ಅವರವರ ಕೃತಿಗಳು ಒಟ್ಟಿಗೆ ಬರುತ್ತವೆ. ಕೇಂದ್ರ ಸಾಹಿತ್ಯ ಅಕಾಡೆಮಿ 1989ರಿಂದ ಪ್ರತ್ಯೇಕ ಅನುವಾದ ಬಹುಮಾನ ಕೊಡುತ್ತಿದೆ, ಈಗ 24 ಭಾಷೆಗಳಿಗೆ. ಅದರ ಕನ್ನಡ ಪಟ್ಟಿಯೂ ಒಂದು ಸಿದ್ಧ ಸೂಚಿ. ಬಹುಮಾನ ಬಂದದ್ದೆಲ್ಲ ಓದಿಸಿಕೊಂಡು ಹೋಗುತ್ತದೆ ಎಂದಲ್ಲ, ಹೆಸರು ಗುರುತು ಮಾಡಿಕೊಳ್ಳಲು ಸಾಕು.

ಪುಸ್ತಕ ಕೈಗೆ ಬಂದಾಗ ಮುಖಪುಟದ ಚಿತ್ರಕ್ಕಿಂತ ಮೊದಲು ಅದರ ಒಳಗಿನ ಸಣ್ಣಕ್ಷರದ ಪುಟ ತೆಗೆಯಿರಿ. ‘ಪ್ರಥಮ ಮುದ್ರಣ, ಪ್ರತಿಗಳು: 1000, ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೊ’ ಎಂದೆಲ್ಲ ಪುಸ್ತಕದ ಅಳತೆ, ಕಾಗದದ ದಪ್ಪದ ವಿವರ ಇರುತ್ತದಲ್ಲ, ಅದು. ಅಲ್ಲಿ ಮೂರು ವಿಷಯ ನೋಡಬೇಕು. ಮೂಲ ಕೃತಿಯ ಹೆಸರು ಮತ್ತು ಭಾಷೆ ಕೊಟ್ಟಿದ್ದಾರೆಯೇ? ಹಕ್ಕುಗಳ ಸಾಲಿನಲ್ಲಿ ಮೂಲ ಲೇಖಕರು ಮತ್ತು ಅನುವಾದಕರು ಇಬ್ಬರ ಹೆಸರೂ ಇದೆಯೇ? ‘ಮರಾಠಿಯಿಂದ’ ಎಂದು ನೇರವಾಗಿ ಬರೆದಿದ್ದಾರೋ, ಬರೀ ‘ಕನ್ನಡಕ್ಕೆ’ ಎಂದು ಬರೆದು ಕೈತೊಳೆದುಕೊಂಡಿದ್ದಾರೋ? ಭಾಷೆಯ ಹೆಸರು ಇಲ್ಲದಿದ್ದರೆ ನಡುವೆ ಇಂಗ್ಲಿಷೋ ಹಿಂದಿಯೋ ಬಂದು ಹೋಗಿರುವ ಸಾಧ್ಯತೆ ಹೆಚ್ಚು.

ಭೀಮಾತೀರ:

ಅಂಗಡಿ ವಿಷಯ ನಾ ಹೇಳ್ತೀನ್ರಿ. ಗೈಡ್ ಮಾರೋ ಅಂಗಡಿಯವರ ತಪ್ಪು ಏನಿಲ್ಲ, ಬಾಡಿಗಿ ಅದರಿಂದಾನೇ ಹುಟ್ಟಬೇಕು. ಕಾದಂಬರಿ ಹಿಂದಿನ ಕಪಾಟಿನ್ಯಾಗ, ಅದೂ ಕೆಳಗಿನ ಸಾಲಿನ್ಯಾಗ ಇರ್ತಾವ. ಕುಂತು ನೋಡ್ರಿ.

ನವಕರ್ನಾಟಕದ ಮಳಿಗಿ ಕಲಬುರಗಿಯೊಳಗೇ ಅದ. ನಿರಂಜನ ಅವರ ಸಂಪಾದಕತ್ವದಾಗ ಬಂದ 25 ಸಂಪುಟದ ವಿಶ್ವ ಕಥಾಕೋಶ ಅವರದೇ ಪ್ರಕಟಣೆ. ಪೂರಾ ಸೆಟ್ಟು ಬ್ಯಾಡ, ಬಿಡಿ ಸಂಪುಟ ಇದ್ದರ ಒಂದು ತಗೋರಿ. ಸಣ್ಣಕತಿ ಇರೋದರಿಂದ ಗುಂಪಿಗೆ ಛಲೋ ಆಗ್ತದ, ಯಾರಿಗೂ ‘ಮುಗೀಲಿಲ್ರೀ’ ಅನ್ನೋ ನೆಪ ಉಳಿಯಂಗಿಲ್ಲ. ಸರಸ್ವತಿ ಗೋದಾಮು ಅನ್ನೋ ಜಾಗದಾಗಿನ ಸಿದ್ಧಲಿಂಗೇಶ್ವರ ಬುಕ್ ಡಿಪೋದಾಗ ಈ ಭಾಗದ ಲೇಖಕರದು ಸಿಗ್ತಾವ, ಅವರೇ ಪ್ರಕಾಶಕರೂ ಹೌದು. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗಕ್ಕೂ ಒಮ್ಮೆ ಹೋಗಿ ಬರ್ರಿ. ಹೊರಗಿನ ಅಂಗಡಿಗೆ ಬರದ ಪುಸ್ತಕ ಅಲ್ಲಿ ಹಳೇ ಬೆಲೆಗೇ ಇರ್ತಾವ.

ಈಗ ಮುಖ್ಯ ಮಾತು. ‘ಅನುವಾದ ಏನಾರ ಅದೇನ್ರೀ?’ ಅಂತ ಕೇಳಬ್ಯಾಡ್ರಿ. ‘ಇಲ್ರೀ’ ಅಂತಾರ, ಮುಗೀತು. ಚೀಟಿ ಮ್ಯಾಲ ಪುಸ್ತಕದ ಹೆಸರು, ಅನುವಾದಕರು, ಪ್ರಕಾಶನ, ಊರು, ಇಷ್ಟು ಬರದು ಕೊಡ್ರಿ. ಪ್ರಕಾಶನದ ಊರು ಯಾಕಂದ್ರ, ಅಂಗಡಿಯವರು ಒಂದೊಂದು ಊರಿಂದ ಒಂದೇ ಪಾರ್ಸಲ್ ತರಸ್ತಾರ. ಗದಗಿಂದ ನಿಮ್ಮದೊಂದೇ ಪುಸ್ತಕ ಇದ್ದರ ಅವರಿಗೆ ಸಾಗಾಣಿಕಿ ಖರ್ಚು ಗಿಟ್ಟಂಗಿಲ್ಲ, ಅದಕ್ಕ ‘ಮುಂದಿನ ವಾರ’ ಅಂತ ತಿಂಗಳಗಟ್ಟಲೆ ಎಳೀತಾರ. ಐದಾರು ಪುಸ್ತಕ ಒಂದೇ ಪ್ರಕಾಶನದ್ದು ಕೂಡಿಸಿ ಕೊಟ್ಟು, ಅರ್ಧ ರೊಕ್ಕ ಮುಂಗಡ ಇಟ್ಟರ ಖಂಡಿತ ತರಸ್ತಾರ. ಫೋನ್ ನಂಬರು ಚೀಟಿ ಮ್ಯಾಲೇ ಬರೀರಿ, ಬ್ಯಾರೆ ಕಾಗದಕ್ಕ ಬರದರ ಕಳೀತದ.

ಬಳ್ಳಾರಿಯ ಲೋಹಿಯಾ ಪ್ರಕಾಶನ, ಗದಗಿನ ಲಡಾಯಿ ಪ್ರಕಾಶನ, ಧಾರವಾಡದ ಮನೋಹರ ಗ್ರಂಥಮಾಲೆ, ಇವು ಮೂರೂ ನಮ್ಮ ಕಡಿಂದ ತರಸಲಿಕ್ಕೆ ಅನುಕೂಲ. ಗ್ರಂಥಮಾಲೆ 1933ರಿಂದ ಚಂದಾದಾರರ ಬಲದ ಮ್ಯಾಲೇ ನಡದದ. ಹೊಸ ಕತಿಗಾರರದು ಬೇಕಂದ್ರ ಛಂದ ಪುಸ್ತಕ ಅನ್ನೋ ಪ್ರಕಾಶನದ ಬಹುಮಾನ ಬಂದ ಸಂಕಲನ ನೋಡ್ರಿ. ಮೊದಲ ಕಥಾಸಂಕಲನದ ಹಸ್ತಪ್ರತಿಗೇ ಬಹುಮಾನ ಕೊಟ್ಟು ಅಚ್ಚು ಹಾಕಸ್ತಾರ, ಹಂಗಾಗಿ ನೀವು ಹೆಸರು ಕೇಳಿರದವರೇ ಅಲ್ಲಿ ಇರ್ತಾರ.

ಸರ್ಕಾರಿ ಪುಸ್ತಕ, ಅಂದ್ರ ಕುವೆಂಪು ಭಾಷಾ ಭಾರತಿ, ಕನ್ನಡ ಪುಸ್ತಕ ಪ್ರಾಧಿಕಾರದ್ದು, ನವೆಂಬರಿನ ತನಕ ತಡೀರಿ. ರಾಜ್ಯೋತ್ಸವದ ತಿಂಗಳು ದೊಡ್ಡ ರಿಯಾಯತಿ ಬಿಡ್ತಾರ.

ಬಿದರಿ ಹೂಜಿ:

ಅನುವಾದ ಚೆನ್ನಾಗಿದೆಯೇ ಎಂದು ಅಂಗಡಿಯಲ್ಲೇ ನಿಂತು ನೋಡುವ ಕ್ರಮ ಹೇಳುತ್ತೇನೆ, ಐದು ನಿಮಿಷ ಸಾಕು. ಮೊದಲ ಪುಟ ಓದಬೇಡಿ, ಎಲ್ಲರೂ ಮೊದಲ ಪುಟವನ್ನು ತಿದ್ದಿ ತೀಡಿರುತ್ತಾರೆ. ನಡುವಿನ ಮಾತುಕತೆಯ ಪುಟ ತೆಗೆಯಿರಿ. ಮನೆಯಲ್ಲಿ ಇಬ್ಬರು ಜಗಳ ಆಡುವ ಪುಟವಾದರೆ ಇನ್ನೂ ಒಳ್ಳೆಯದು. ಮೆಲ್ಲಗೆ ಬಾಯಿಬಿಟ್ಟು ಓದಿ. ಜಗಳದಲ್ಲಿ ಯಾರಾದರೂ ‘ನಿನ್ನ ಈ ವರ್ತನೆಯಿಂದ ನನಗೆ ಅತೀವ ನೋವಾಗಿದೆ’ ಎಂದರೆ ಪುಸ್ತಕ ಕಪಾಟಿಗೆ ವಾಪಸ್ ಇಡಿ.

ಆಮೇಲೆ ಸಂಬಂಧ ಮತ್ತು ಊಟ. ಮರಾಠಿ ಕಾದಂಬರಿ ಇಂಗ್ಲಿಷಿನ ಮೂಲಕ ಬಂದಿದ್ದರೆ ಮಾಮಾ, ಕಾಕಾ ಇಬ್ಬರೂ ಮೊದಲು ಅಂಕಲ್ ಆಗಿ, ಕನ್ನಡಕ್ಕೆ ಬರುವಾಗ ಇಬ್ಬರೂ ಚಿಕ್ಕಪ್ಪ ಆಗಿರುತ್ತಾರೆ. ತಾಯಿಯ ತವರಿನಿಂದ ಬಂದ ಚಿಕ್ಕಪ್ಪನನ್ನು ಕಂಡರೆ ಅನುಮಾನ ಪಡಿ. ‘ಭಾಕರಿ’ ಎಂದರೆ ನಮ್ಮ ಖಡಕ್ ರೊಟ್ಟಿಯ ಅಣ್ಣತಮ್ಮನೇ. ಅದು ‘ಚಪ್ಪಟೆ ಬ್ರೆಡ್’ ಆಗಿದ್ದರೆ, ಜೋಳ ‘ಸಿರಿಧಾನ್ಯ’ ಆಗಿದ್ದರೆ, ಅನುವಾದಕರು ಮೂಲ ನೋಡಿಲ್ಲ. ಬೀದರ್, ಕಲಬುರಗಿಯವರಿಗೆ ಈ ಪರೀಕ್ಷೆ ಸುಲಭ. ಬೆಂಗಳೂರಿನ ಓದುಗರಿಗೆ ಗೊತ್ತಾಗದೆ ದಾಟಿಹೋಗುವ ತಪ್ಪು ನಮಗೆ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ.

ಇನ್ನೊಂದು ತಕರಾರು ನನ್ನದು: ದಖನಿ, ಅಂದರೆ ನಮ್ಮ ಕಡೆಯ ಉರ್ದು, ಮಾತಾಡುವ ಪಾತ್ರಗಳಿಗೆಲ್ಲ ಮೈಸೂರು ಕನ್ನಡ ತೊಡಿಸುವುದು. ಇದು ತಪ್ಪು ಅನುವಾದವಲ್ಲ, ಆದರೆ ಹೈದರಾಬಾದಿನ ಗಲ್ಲಿಯ ಕತೆಯಲ್ಲಿ ಗಲ್ಲಿಯೇ ಇಲ್ಲದಂತಾಗುತ್ತದೆ.

ಶಾಬಾದಿ ಅವರೇ, ನಡುವೆ ಇಂಗ್ಲಿಷ್ ಬಂದರೆ ಕೆಟ್ಟಿತು ಎಂದು ಸಾರಾಸಗಟಾಗಿ ಹೇಳುವ ಹಾಗಿಲ್ಲ. ರಷ್ಯನ್ ಕಾದಂಬರಿಗಳನ್ನು ಓ.ಎಲ್. ನಾಗಭೂಷಣ ಸ್ವಾಮಿ ಇಂಗ್ಲಿಷಿನಿಂದಲೇ ತಂದದ್ದು, ಕನ್ನಡ ಎಲ್ಲೂ ತಡವರಿಸುವುದಿಲ್ಲ. ದೂರದ ಭಾಷೆಗೆ ಬೇರೆ ದಾರಿ ಕಡಿಮೆ. ಸೊಲ್ಲಾಪುರದ ಮರಾಠಿ ಲಂಡನ್ ಸುತ್ತಿ ಕಲಬುರಗಿಗೆ ಬರುವುದಕ್ಕೆ ಮಾತ್ರ ನನ್ನ ಆಕ್ಷೇಪ.

ನಿಮ್ಮ ಆರು ಮಂದಿಯಲ್ಲಿ ಮರಾಠಿ, ಉರ್ದು ಅಥವಾ ತೆಲುಗು ಓದಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಮೂಲದ ಒಂದೇ ಅಧ್ಯಾಯ ಕೊಡಿ, ಪೂರ್ತಿ ಬೇಡ. ಸಭೆಯಲ್ಲಿ ಅವರು ಮೂಲದ ಒಂದು ಪುಟ ಗಟ್ಟಿಯಾಗಿ ಓದಲಿ, ಬೆನ್ನಿಗೆ ಇನ್ನೊಬ್ಬರು ಕನ್ನಡದ ಅದೇ ಪುಟ ಓದಲಿ. ಎಲ್ಲಿ ವಾಕ್ಯ ಬಿಟ್ಟುಹೋಗಿದೆ, ಎಲ್ಲಿ ಬೈಗುಳ ಮೆತ್ತಗಾಗಿದೆ ಎಂಬುದು ಕಿವಿಗೇ ಬೀಳುತ್ತದೆ. ಮೂಲ ಪುಸ್ತಕಗಳು ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನಲ್ಲಿ ಭಾನುವಾರ ಅಗ್ಗಕ್ಕೆ ಸಿಗುತ್ತವೆ. ಬೆಳಿಗ್ಗೆಯೇ ಹೋಗಬೇಕು.

ಸಲಹೆ ಕೇಳುವ ರೀತಿಯೂ ಮುಖ್ಯ. ‘ಒಳ್ಳೆ ಕಾದಂಬರಿ ಹೇಳಿ’ ಎಂದರೆ ಎಲ್ಲರೂ ಅದೇ ಹತ್ತು ಹೆಸರು ಹೇಳುತ್ತಾರೆ. ಮೆಚ್ಚಿದ್ದು ಎರಡು, ಅರ್ಧಕ್ಕೆ ಬಿಟ್ಟದ್ದು ಒಂದು, ಬಿಟ್ಟ ಪುಟ ಮತ್ತು ಕಾರಣ, ಇಷ್ಟು ಬರೆದು ಕೇಳಿ. ಬಿಟ್ಟ ಪುಸ್ತಕ ನೋಡಿದರೆ ಹೇಳುವವರಿಗೆ ನಿಮ್ಮ ರುಚಿ ಬೇಗ ಹತ್ತುತ್ತದೆ.

ತೊಗರಿ ಕಣಜ:

ಎಲ್ಲರಿಗೂ ಶರಣ್ರಿ. ಚೀಟಿ ಉಪಾಯ ಇವತ್ತೇ ಮಾಡ್ತೀವಿ. ಇನ್ನೆರಡು ಪ್ರಶ್ನೆ. ಅಂಚೆಯಲ್ಲಿ ತರಿಸಿದರೆ ಖರ್ಚೆಷ್ಟು? ಅಚ್ಚಿನಲ್ಲಿ ಇಲ್ಲದ ಪುಸ್ತಕ ಝೆರಾಕ್ಸ್ ಮಾಡಿಸಿ ಆರು ಮಂದಿಗೆ ಹಂಚಬಹುದಾ?

ಸಗರನಾಡು:

ಹಳೆಯ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. ಅದರ ಜಾಗಕ್ಕೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. ಆರಂಭದಲ್ಲಿ ನಿಗದಿ ಮಾಡಿದ ದರ 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಟ್ರ್ಯಾಕಿಂಗ್ ಇದೆ, ಆದರೆ ರೈಲು-ರಸ್ತೆ ಮೂಲಕವೇ ಬರುವುದರಿಂದ ಗಡಿಬಿಡಿ ಮಾಡಬಾರದು. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಅಚ್ಚಾಗಿರಲೇಬೇಕು, ಇಲ್ಲದಿದ್ದರೆ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ. ಸಣ್ಣ ಪ್ರಕಾಶಕರು ಅಭ್ಯಾಸಬಲದಿಂದ ಕೊರಿಯರ್ ಮಾಡಿ ಹೆಚ್ಚು ಹಾಕುತ್ತಾರೆ, ‘ಜ್ಞಾನ ಪೋಸ್ಟ್‌ನಲ್ಲಿ ಕಳಿಸಿ’ ಎಂದು ನೀವೇ ಹೇಳಬೇಕು.

ತೂಕದ ಲೆಕ್ಕ: ಡೆಮಿ ಅಳತೆ, 70 ಜಿಎಸ್‌ಎಂ ಕಾಗದ, 200 ಪುಟ ಇದ್ದರೆ ರಟ್ಟು ಸೇರಿ ಸುಮಾರು 240 ಗ್ರಾಂ. ಅಂದರೆ ಒಂದೇ ಪುಸ್ತಕ ತರಿಸಿದರೆ 20 ರೂಪಾಯಿ ಅದರ ಮೇಲೇ ಬೀಳುತ್ತದೆ. ಇಪ್ಪತ್ತು ಪುಸ್ತಕ ಒಂದೇ ಕಟ್ಟಿನಲ್ಲಿ ತರಿಸಿದರೆ ತಲಾ 5 ರೂಪಾಯಿ. ನಿಮ್ಮ 3000ಕ್ಕೆ, ಪುಟಕ್ಕೆ ರೂಪಾಯಿ-ಒಂದೂಕಾಲು ರೂಪಾಯಿ ಹಿಡಿದರೆ, 200 ಪುಟದ ಹನ್ನೆರಡರಿಂದ ಹದಿನೈದು ಪುಸ್ತಕ. ಆರು ಪ್ರತಿ ಕೊಳ್ಳಬೇಡಿ. ಒಂದು ಶೀರ್ಷಿಕೆಗೆ ಎರಡು ಪ್ರತಿ, ಒಬ್ಬೊಬ್ಬರಿಗೆ ಹತ್ತು ದಿನ, ತಿಂಗಳಲ್ಲಿ ಆರೂ ಮಂದಿಯ ಓದು ಮುಗಿಯುತ್ತದೆ.

ಕಟ್ಟು ಬಂದ ದಿನವೇ ಬಿಚ್ಚಿ ಪುಟಸಂಖ್ಯೆ ನೋಡಿ. ಡೆಮಿ ಪುಸ್ತಕ 16 ಪುಟದ ಫಾರಂಗಳಾಗಿ, ಅಂದರೆ ಮಡಚಿದ ಹಾಳೆಯ ಕಂತೆಗಳಾಗಿ, ಅಚ್ಚಾಗುತ್ತದೆ. ಜೋಡಿಸುವಾಗ ಒಂದು ಫಾರಂ ಬಿಟ್ಟರೆ 64ರ ನಂತರ 81 ಬರುತ್ತದೆ, ಎರಡು ಸಲ ಸೇರಿಸಿದರೆ 80 ಆದ ಮೇಲೆ ಮತ್ತೆ 65. ಪೂರ್ತಿ ತಿರುವಬೇಕಿಲ್ಲ, ಹದಿನಾರು ಹದಿನಾರರ ಗಡಿಯಲ್ಲಿ ನೋಡಿದರೆ ಸಾಕು. ಮುನ್ನುಡಿಯ ಪುಟಗಳಿಂದ ಗಡಿ ನಾಲ್ಕಾರು ಪುಟ ಆಚೀಚೆ ಸರಿಯಬಹುದು. ವಾರದೊಳಗೆ ಫೋಟೊ ಕಳಿಸಿದರೆ ಪ್ರಕಾಶಕರು ಬದಲಿಸಿ ಕೊಡುತ್ತಾರೆ, ಆರು ತಿಂಗಳಾದ ಮೇಲೆ ಪ್ರತಿಯೇ ಉಳಿದಿರುವುದಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ಹೊಲಿಗೆ ಇಲ್ಲದೆ ಬರೀ ಬಿಸಿ ಅಂಟಿನಿಂದ ಕೂಡಿಸಿದ ಬೆನ್ನು ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಸಡಿಲಾಗುತ್ತದೆ. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಬಿಟ್ಟು, ಸಂಜೆ ತೆಗೆದು ಅಗಲಿಸಿದರೆ ಹಾಳೆ ಹಾಳೆ ಕೈಗೆ ಬರುತ್ತದೆ. ಕೈಯಿಂದ ಕೈಗೆ ಹೋಗುವ ಪ್ರತಿಗೆ ಮೊದಲೇ ಬೈಂಡಿಂಗ್ ಅಂಗಡಿಯಲ್ಲಿ ಬದಿ ಹೊಲಿಗೆ ಹಾಕಿಸಿಬಿಡಿ.

ಝೆರಾಕ್ಸ್ ಬಗ್ಗೆ: ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯದ ಹಕ್ಕು ಇರುತ್ತದೆ. 1964ರಲ್ಲಿ ತೀರಿಕೊಂಡವರದು 2025ರ ಜನವರಿ 1ಕ್ಕೆ ಮುಕ್ತ. ಅನುವಾದದಲ್ಲಿ ಹಕ್ಕು ಎರಡು, ಮೂಲದ್ದು ಮತ್ತು ಅನುವಾದಕರದ್ದು. ಎರಡೂ ಮುಗಿದಿರಬೇಕು. ಇದನ್ನು ಮರೆತೇ ಬಹಳ ಜನ ಎಡವುವುದು. ಮುಗಿದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಿ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಅಲ್ಲಿವೆ. ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲೂ ಹಾಕಿ, ಕಾಗುಣಿತ ಬದಲಿಸಿ ನಾಲ್ಕು ಸಲ ಹಾಕಿ. ಸ್ಕ್ಯಾನ್ ಮಾಡಿದವರು ಹೆಸರುಗಳನ್ನು ಮನಬಂದಂತೆ ಬರೆದಿದ್ದಾರೆ. ಹಕ್ಕು ಮುಗಿಯದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದ ಪ್ರತಿ ಎರವಲು ತನ್ನಿ. ಅಲ್ಲಿಯೂ ಇಲ್ಲದಿದ್ದರೆ ಪ್ರಕಾಶಕರಿಗೇ ಫೋನ್ ಮಾಡಿ ಕೇಳಿ. ಅಂಗಡಿಗಳಿಂದ ವಾಪಸ್ ಬಂದ, ಮುಖಪುಟ ಕೊಳೆಯಾದ ಪ್ರತಿ ನಾಲ್ಕಾರು ಗೋದಾಮಿನಲ್ಲಿ ಬಿದ್ದಿರುತ್ತವೆ.

ಭೀಮಾತೀರ:

ಖರೇ ಅದ. ಕೇಳುವಾಗ ‘ಔಟ್ ಆಫ್ ಪ್ರಿಂಟ್ ಆಗ್ಯದೇನ್ರೀ’ ಅನಬ್ಯಾಡ್ರಿ, ಹೂಂ ಅಂದು ಇಟ್ಟುಬಿಡ್ತಾರ. ‘ಡ್ಯಾಮೇಜ್ ಪ್ರತಿ ಇದ್ದರೂ ನಡೀತದ, ಎರಡು ಬೇಕು’ ಅನ್ರಿ. ಆವಾಗ ಎದ್ದು ಹೋಗಿ ಹುಡುಕ್ತಾರ.