ಸೋಡಿಯಂ ತನ್ನ ಎಲೆಕ್ಟ್ರಾನನ್ನು ನಿಜಕ್ಕೂ ‘ದಾನ’ ಮಾಡುತ್ತದೆಯೇ?

ಪ್ರಶ್ನೆ (ಓದುಗ, ಬಸವನಗುಡಿ)

ನನ್ನ ಮಗಳು ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಸೋಡಿಯಂ ತನ್ನ ಹೊರಕವಚದ ಒಂದೇ ಎಲೆಕ್ಟ್ರಾನನ್ನು ಸುಲಭವಾಗಿ ದಾನ ಮಾಡುತ್ತದೆ, ಏಳು ಎಲೆಕ್ಟ್ರಾನುಗಳಿರುವ ಕ್ಲೋರಿನ್ ಅದನ್ನು ಪಡೆದು ಎಂಟು ತುಂಬಿಸಿಕೊಳ್ಳುತ್ತದೆ, ಹೀಗೆ ಅಡುಗೆ ಉಪ್ಪು ಉಂಟಾಗುತ್ತದೆ ಎಂದು ಅವಳು ಪ್ರೌಢಶಾಲೆಯಲ್ಲಿ ಕಲಿತಿದ್ದಳು. ಆದರೆ ಒಂದು ಮೋಲ್ (ಅಂದರೆ ಒಂದು ನಿಗದಿತ ಎಣಿಕೆಯಷ್ಟು) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಬೇಕೆಂದೂ, ಕ್ಲೋರಿನ್ ಅದನ್ನು ಪಡೆದಾಗ ಹೊರಬರುವುದು 349 ಕಿಲೋಜೂಲ್ ಮಾತ್ರವೆಂದೂ ಈಗಿನ ಕೋಷ್ಟಕಗಳು ಹೇಳುತ್ತವೆ. 147 ಕಿಲೋಜೂಲ್ ನಷ್ಟದ ಈ ವ್ಯವಹಾರ ನಡೆಯುವುದಾದರೂ ಹೇಗೆ ಎಂಬ ಅವಳ ಪ್ರಶ್ನೆಗೆ, ಲೆಕ್ಕಪತ್ರ ಬರೆದೇ ಜೀವನ ನಡೆಸುವ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ)

ತಮ್ಮ ಮಗಳ ಅನುಮಾನ ಸರಿಯಾಗಿದೆ. ‘ದಾನ’ ಎಂಬ ಮಾತು ನನಗೂ ಹಿಡಿಸುವುದಿಲ್ಲ. ಹನ್ನೊಂದು ಪ್ರೋಟಾನುಗಳ ಸೆಳೆತದಲ್ಲಿರುವ ಎಲೆಕ್ಟ್ರಾನನ್ನು ಯಾವ ಪರಮಾಣುವೂ ಪುಕ್ಕಟೆಯಾಗಿ ಬಿಡುವುದಿಲ್ಲ.

ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿರುವುದರಿಂದ ನಷ್ಟ ಕಾಣುತ್ತಿದೆ. ಖರ್ಚಿನ ಬದಿಯಲ್ಲಿ ಇನ್ನೆರಡು ಬಾಬತ್ತುಗಳಿವೆ: ಲೋಹದ ಗಟ್ಟಿಯಿಂದ ಸೋಡಿಯಂ ಪರಮಾಣುಗಳನ್ನು ಬಿಡಿಸಲು ಸುಮಾರು 107, ಕ್ಲೋರಿನ್ ಅಣುವನ್ನು ಒಡೆದು ಬಿಡಿ ಪರಮಾಣುಗಳನ್ನು ಪಡೆಯಲು ಸುಮಾರು 122 ಕಿಲೋಜೂಲ್. ಮೊದಲಿನ 147 ಸೇರಿ ಒಟ್ಟು 376 ಕೈಬಿಟ್ಟಿತು ಎನ್ನಿ. ಆದರೆ ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಹಾಗೂ ಅದನ್ನು ಪಡೆದ ಕ್ಲೋರಿನ್, ಅಂದರೆ ಧನ ಹಾಗೂ ಋಣ ಆವೇಶದ ಅಯಾನುಗಳು ಒಂದನ್ನೊಂದು ಸೆಳೆದು ಹರಳಾಗಿ ಜೋಡಣೆಗೊಂಡಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಇದೇ ಜಾಲಕ ಶಕ್ತಿ. ಕೊನೆಗೆ ಉಳಿಯುವ ಲಾಭ 411.

ಹರಳಿನಲ್ಲಿ ಈ ಸೋಡಿಯಮ್ಮಿಗೆ ಈ ಕ್ಲೋರಿನ್ನೇ ಜೋಡಿ ಎಂಬುದಿಲ್ಲ. ಪ್ರತಿ ಅಯಾನಿನ ಸುತ್ತ ವಿರುದ್ಧ ಆವೇಶದ ಆರು ಅಯಾನುಗಳಿರುತ್ತವೆ. 1913ರಲ್ಲಿ ಭೌತವಿಜ್ಞಾನಿ ಲಾರೆನ್ಸ್ ಬ್ರಾಗ್ ಅವರು ಕ್ಷ-ಕಿರಣಗಳ ನೆರವಿನಿಂದ ಈ ರಚನೆಯನ್ನು ಕಂಡುಕೊಂಡರು; ಉಪ್ಪಿನಲ್ಲಿ ಬಿಡಿ ಅಣುವೇ ಇಲ್ಲವೆಂಬುದನ್ನು ಒಪ್ಪಲು ಕೆಲವು ರಸಾಯನಶಾಸ್ತ್ರಜ್ಞರಿಗೆ ಬಹಳ ಕಾಲ ಮನಸ್ಸು ಬರಲಿಲ್ಲ. ಅಡುಗೆಮನೆಯ ಪುಡಿ ಉಪ್ಪನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಭೂತಗನ್ನಡಿಯಲ್ಲಿ ನೋಡಲು ಹೇಳಿ.

ಪ್ರತಿಕ್ರಿಯೆ (ಓದುಗ, ಬಸವನಗುಡಿ)

ನೋಡಿದೆವು. ಹೆಚ್ಚಿನವು ಪುಟ್ಟ ಘನಗಳೇ. ಕೆಲವುಗಳ ಮೂಲೆ ಮಾತ್ರ ಸವೆದಿತ್ತು. ಅದರ ಬೆನ್ನಿಗೇ ಮಗಳ ಇನ್ನೊಂದು ಪ್ರಶ್ನೆ: ಆವೇಶ ಹೆಚ್ಚಿದಷ್ಟೂ ಸೆಳೆತ ಹೆಚ್ಚುವುದಾದರೆ, ಸೋಡಿಯಂ ಎರಡು ಎಲೆಕ್ಟ್ರಾನುಗಳನ್ನು ಏಕೆ ಬಿಡಬಾರದು?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ)

ಎರಡನೆಯದನ್ನು ಒಳಗಿನ ತುಂಬಿದ ಕವಚದಿಂದ ಕೀಳಬೇಕಾಗುತ್ತದೆ. ಅದಕ್ಕೆ ತಗಲುವುದು ಸುಮಾರು 4,562 ಕಿಲೋಜೂಲ್. ಯಾವ ಹರಳೂ ಆ ಸಾಲವನ್ನು ತೀರಿಸಲಾರದು. ಮೆಗ್ನೀಸಿಯಮ್ಮಿನ ಎರಡೂ ಎಲೆಕ್ಟ್ರಾನುಗಳು ಹೊರಕವಚದಲ್ಲೇ ಇರುವುದರಿಂದ ಅದಕ್ಕೆ ಇದು ಸಾಧ್ಯ. ಎರಡೆರಡು ಆವೇಶಗಳ ಬಿಗಿತ ಎಷ್ಟೆಂಬುದನ್ನು ಮಗಳು ಕರಗುವ ಬಿಂದುಗಳಲ್ಲೇ ಕಾಣಬಹುದು: ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಮೆಗ್ನೀಸಿಯಂ ಆಕ್ಸೈಡ್ ಕರಗಲು 2,800 ಡಿಗ್ರಿಯನ್ನೂ ದಾಟಬೇಕು.