ಅಪ್‌ಡೇಟ್: ಅಪ್ಪನ ಖಾತೆಯಿಂದ ಹೋದ ₹18,500

ಈ ದುಡ್ಡು ವಾಪಸ್ ಪಡೆಯೋದು ಹೇಗೆ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ, ನೆನಪಿರಬಹುದು. ದಾವಣಗೆರೆಯಲ್ಲಿ ಅಪ್ಪನ ಮಂಡಕ್ಕಿ ಅಂಗಡಿ. ಯಾರಿಗೂ ಓಟಿಪಿ ಹೇಳಿಲ್ಲ, ಯಾವ ಲಿಂಕೂ ಒತ್ತಿಲ್ಲ. ಆದರೂ ಖಾತೆಯಿಂದ ₹18,500 ಹೋಗಿತ್ತು. "ಆ್ಯಪ್‌ನಲ್ಲಿ ನಿಮ್ಮದೇ ಲಾಗಿನ್ ತೋರಿಸ್ತಿದೆ" ಅಂತ ಬ್ಯಾಂಕಿನವರು ಕೈ ಚೆಲ್ಲಿದ್ದರು.

ದುಡ್ಡು ವಾಪಸ್ ಬಂತು! ನಿಮ್ಮಲ್ಲೊಬ್ಬರು ಹೇಳಿದ ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆಯೇ ಕೈ ಹಿಡಿಯಿತು. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ತಪ್ಪು ಬ್ಯಾಂಕಿನದೂ ಅಲ್ಲ, ನಮ್ಮದೂ ಅಲ್ಲ, ಮೂರನೆಯವರದು ಅಂದರೂ, 3 ಕೆಲಸದ ದಿನದೊಳಗೆ ತಿಳಿಸಿದರೆ ನಮಗೆ ನಷ್ಟವಿಲ್ಲ. ತನಿಖೆ ಮುಗಿಯದಿದ್ದರೂ, ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕ್ ಹಣವನ್ನು ಖಾತೆಗೆ ಹಾಕಬೇಕು. ಓಟಿಪಿ ನಾವೇ ಕೊಟ್ಟಿದ್ದರೆ ಲೆಕ್ಕ ಬೇರೆ: ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ.

ಅಪ್ಪ ಅವತ್ತೇ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದ್ದರು. ದೂರಿನ ನಂಬರನ್ನು ಲೆಕ್ಕದ ಪುಸ್ತಕದ ಹಿಂದೆ, ತಾರೀಖಿನ ಸಮೇತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಅದು ಎಷ್ಟು ಉಪಯೋಗಕ್ಕೆ ಬಂತು ಗೊತ್ತಾ! ಸುತ್ತೋಲೆಯ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟು, ನಮ್ಮ ಪ್ರತಿಗೆ ಸೀಲ್ ಹಾಕಿಸಿಕೊಂಡೆ.

ನನಗೆ ಸಿಟ್ಟು ಬರೋದು ಒಂದಕ್ಕೆ. ಮೊದಲು ಕೌಂಟರ್‌ನಲ್ಲಿ ಸಹಿ ಹೋಲಿಸಿ ನೋಡೋದು ಬ್ಯಾಂಕಿನ ಕೆಲಸವಾಗಿತ್ತು. ಆ್ಯಪ್ ಬಂದ ಮೇಲೆ ಆ ಎಚ್ಚರವೆಲ್ಲ ಅಪ್ಪನ ಹೆಗಲಿಗೆ ಬಿತ್ತು. ಆ್ಯಪ್ ಹಾಕಿಕೊಳ್ಳುವಾಗ ಅದರ ಷರತ್ತುಗಳಿಗೆ ಅವರು ಸುಮ್ನೆ 'ಒಪ್ಪಿದ್ದೇನೆ' ಅಂತ ಒತ್ತಿದ್ದರು, ಅಷ್ಟೇ ಅಲ್ವಾ?

ಬ್ಯಾಂಕಿನ ತನಿಖೆ ಇನ್ನೂ ನಡೀತಿದೆ, ದೂರು ಕೊಟ್ಟ 90 ದಿನದೊಳಗೆ ತೀರ್ಮಾನ ಆಗಬೇಕು. ಅಲ್ಲಿಯವರೆಗೆ ಖಾತೆಯಿಂದ ದಿನಕ್ಕೆ ಕಳಿಸಬಹುದಾದ ಹಣದ ಮಿತಿಯನ್ನು ₹5,000ಕ್ಕೆ ಇಳಿಸಿದ್ದೇವೆ.