ಮರ 'ಕುಂಬು' ಹಿಡಿಯುವುದು: ನಿಮ್ಮ ಕಡೆ ಏನನ್ನುತ್ತೀರಿ?

ಸ್ನೇಹಿತರೆ,

ಮನೆಯ ಮರ ತಿನ್ನುವ ಶಿಲೀಂಧ್ರದ ಬಗ್ಗೆ ನಮ್ಮೂರಿನವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಊರು ವಿರಾಜಪೇಟೆ ಹತ್ತಿರ. ಶಿಲೀಂಧ್ರದಿಂದ ಮರ ಹೀಗೆ ಹಾಳಾಗುವುದಕ್ಕೆ ಯಾವ ಪದ ಬಳಸಲಿ ಅನ್ನುವಲ್ಲಿ ಬಂದು ನಿಂತಿದ್ದೇನೆ.

ಇಲ್ಲಿ ಮರ ಹಾಳಾದರೆ ಎಲ್ಲರ ಬಾಯಲ್ಲೂ ಬರುವುದು 'ಗೆದ್ದಲು'. ಮಳೆಗಾಲ ಮುಗಿದ ಮೇಲೆ ಹೆಂಚು ತೆಗೆದು ನೋಡಿ. ಗೋಡೆಯೊಳಗೆ ಕೂತ ಪಕ್ಕಾಸಿನ (ಹೆಂಚು ಹೊರುವ ಓರೆ ಮರದ) ತುದಿ ಕಂದಾಗಿರುತ್ತದೆ. ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚೌಕ ಚೌಕವಾಗಿ ಒಡೆದಿರುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿ. ಗೆದ್ದಲಿನ ಮಣ್ಣಿನ ದಾರಿ ಇಲ್ಲ, ಹುಳವೂ ಇಲ್ಲ. ಆದರೂ ಗೆದ್ದಲು ಅಂತಲೇ ಔಷಧಿ ಹೊಡೆಸುತ್ತಾರೆ. ಸೋರುವ ಹೆಂಚು ಹಾಗೇ ಇರುತ್ತದೆ, ಮುಂದಿನ ಮಳೆಗೆ ಪಕ್ಕದ ಪಕ್ಕಾಸೂ ಹೋಗುತ್ತದೆ. ಹೆಸರು ತಪ್ಪಿದರೆ ಮನೆಯ ಮಾಡೇ ಕುಸಿಯಬಹುದು, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.

'ಬೂಷ್ಟು' ಆಗದು. ಜೂನ್ ಬಂದರೆ ಬೆಲ್ಟು, ಚಪ್ಪಲಿ, ಬೀರು ಎಲ್ಲಕ್ಕೂ ಅದು ಹಿಡಿಯುತ್ತದೆ, ಒರೆಸಿದರೆ ಹೋಗುತ್ತದೆ. ಮರದ ಬಲ ಅದರಿಂದ ಕುಂದುವುದಿಲ್ಲ.

'ಕೊಳೆ' ಒಳ್ಳೆಯ ಪದ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲಿಷ್ ಶಿಲೀಂಧ್ರ ತಜ್ಞ ಎಂ. ಸಿ. ಕುಕ್ ಹೆಸರಿಟ್ಟಾಗ ಕನ್ನಡದ ಪದವನ್ನೇ ಸೇರಿಸಿ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಅಂದರು. ಆದರೆ ಕೊಳೆ ಅಂದ ಕೂಡಲೇ ಇಲ್ಲಿನವರಿಗೆ ತೋಟ ನೆನಪಾಗುತ್ತದೆ, ಮನೆಯ ತೊಲೆಯಲ್ಲ. ಇನ್ನು ಮನೆಯ ಮರ ಕೊಳೆಸುವ ಒಂದು ಬಗೆಗೆ ಇಂಗ್ಲಿಷಿನಲ್ಲಿರುವ 'ಡ್ರೈ ರಾಟ್' ಹೆಸರನ್ನು 'ಒಣ ಕೊಳೆ' ಅನ್ನುವುದಂತೂ ಬೇಡವೇ ಬೇಡ. ಅದನ್ನು ತರುವ ಶಿಲೀಂಧ್ರ ಸರ್ಪುಲಾ ಲ್ಯಾಕ್ರಿಮ್ಯಾನ್ಸ್ ಕೂಡ ತೇವ ಇಲ್ಲದೆ ಹುಟ್ಟುವುದಿಲ್ಲ. ಅದರ ಮೈಮೇಲೆ ನೀರ ಹನಿ ಒಸರುತ್ತದೆ, ಲ್ಯಾಟಿನ್ ಹೆಸರಿನ ಅರ್ಥವೇ 'ಅಳುವ'. ಒಣ ಅಂದುಬಿಟ್ಟರೆ ಜನ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ಇಲ್ಲ.

ನನಗೆ ಹಿಡಿಸಿರುವುದು 'ಕುಂಬು'. ದಕ್ಷಿಣ ಕನ್ನಡದಿಂದ ಬರುವ ಆಚಾರಿಗಳು 'ಈ ಪಕ್ಕಾಸು ಕುಂಬಾಗಿದೆ' ಅನ್ನುತ್ತಾರೆ. ತುಳುವಿನಲ್ಲೂ ಇದೆ. ಚೌಕವಾಗಿ ಒಡೆಯುವುದಕ್ಕೆ 'ಕಂದು ಕುಂಬು', ಬೆಳ್ಳಗೆ ನಾರು ನಾರಾಗುವುದಕ್ಕೆ 'ಬಿಳಿ ಕುಂಬು' ಅಂದರೆ ಗುರುತೂ ಹೆಸರಲ್ಲೇ ಬಂತಲ್ವಾ? ಕರಪತ್ರದಲ್ಲಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ:

'ಮೊದಲು ಸೋರಿಕೆ ನಿಲ್ಲಿಸಿ. ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಅದು ಕುಂಬು. ಗಟ್ಟಿ ಮರ ಸಿಕ್ಕ ಮೇಲೂ ಸ್ವಲ್ಪ ಆಚೆವರೆಗೆ ಕೊಯ್ದು ತೆಗೆಸಿ. ಮರದ ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಕುಂಬು ಬೆಳೆಯದು. ಹೊಸ ಮರದ ತುದಿಗೆ ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರು ಹಚ್ಚಬಹುದು. ಮಳೆ ನೇರವಾಗಿ ಬೀಳುವ ಕಡೆ ಅದು ತೊಳೆದು ಹೋಗುತ್ತದೆ.'

ಈಗ ನನ್ನ ಪ್ರಶ್ನೆ. ಮಲೆನಾಡಿನ ಕಡೆ 'ಮರ ಲಡ್ಡಾಗಿದೆ' ಅನ್ನುವುದು ಇದಕ್ಕೇನಾ, ಇಲ್ಲ ಯಾವ ಹಳೆ ಮರಕ್ಕೂ ಹೇಳುತ್ತಾರಾ? ಕೊಡವ ತಕ್ಕ್ ಬಲ್ಲವರೇ, ಅಣಬೆಗೆ 'ಕುಮ್ಮ್' ಇದೆಯಲ್ಲ, ಐನ್‌ಮನೆಯ (ಕುಟುಂಬದ ಮೂಲ ಮನೆಯ) ಕಂಬವೋ ಐಮರವೋ (ಜಗಲಿಯ ಕಂಬಗಳ ನಡುವಿನ ದಪ್ಪ ಹಲಗೆಯೋ) ಹೀಗಾದರೆ ಮನೆಯ ಹಿರಿಯರು ಏನನ್ನುತ್ತಾರೆ? 'ಕುಂಬು'ವಿಗೆ ನಿಮ್ಮ ಊರಲ್ಲಿ ಬೇರೆ ಅರ್ಥ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ. ಅಚ್ಚಿಗೆ ಕೊಡುವ ಮೊದಲೇ ತಿದ್ದಿಕೊಳ್ಳುತ್ತೇನೆ.